ಟಿವಿಯಾಗ ಕಂಡ ಗೋಡೆ ಬಣ್ಣ ನಮ್ಮ ಪಡಸಾಲಿಗೆ ಬೇಕು: ಅಂಗಡಿಗೆ ಏನು ಒಯ್ಯಬೇಕು?

ಪಡಸಾಲಿ ಗಂಗಾವತಿ

ಸಂಜಿ ಬರೋ ಒಂದು ಧಾರಾವಾಹಿಯೊಳಗ ದೊಡ್ಡ ಮನಿ ತೋರಸ್ತಾರ. ಅದರ ಪಡಸಾಲಿ ಗೋಡೆ ಬಣ್ಣ ನಮ್ಮ ಮನ್ಯಾಗ ಎಲ್ಲಾರಿಗೂ ಹಿಡಿಸೇತಿ. ಹಸಿರು ಅನ್ನಾಕೂ ಬರಂಗಿಲ್ಲ, ನೀಲಿ ಅನ್ನಾಕೂ ಬರಂಗಿಲ್ಲ, ನವಿಲುಗೊರಳ ಬಣ್ಣಕ್ಕ ಸ್ವಲ್ಪ ಬೂದಿ ಬೆರೆಸಿದಂಗ ಐತಿ.

ನಮ್ಮ ಪಡಸಾಲಿ 12×14 ಅಡಿ, ಎತ್ತರ 10 ಅಡಿ. ಬಾಗಿಲು ಉತ್ತರಕ್ಕ, ಒಳಗ ಹೋಗೋ ಬಾಗಿಲು ಇನ್ನೊಂದು, ಕಿಟಕಿ ಒಂದ, ಅದು ಪೂರ್ವಕ್ಕ. ನೆಲ ಶಹಾಬಾದ ಕಲ್ಲು. ಎಲ್ಇಡಿ ಟ್ಯೂಬು ಎರಡು, ಅಚ್ಚ ಬಿಳಿ ಬೆಳಕಿನವು. ಈಗ ಗೋಡೆಗಿರೋದು ತಿಳಿಹಳದಿ ಡಿಸ್ಟೆಂಪರ್. ಟಿವಿ ಪರದೆಯ ಫೋಟೋ ಮೊಬೈಲಿನಾಗ ಹೊಡಕೊಂಡೀವಿ. ಅದನ್ನ ಅಂಗಡ್ಯಾಗ ತೋರಿಸಿದ್ರ ಅದೇ ಬಣ್ಣ ಮಾಡಿ ಕೊಡ್ತಾರೇನ್ರಿ?

ಎಡಿಟಿಂಗ್ ಕೊಪ್ಪಳ

ಆ ಫೋಟೋ ತೋರಿಸಿದರೆ ಒಂದು ಬಣ್ಣ ಖಂಡಿತ ಸಿಗುತ್ತದೆ, ಆದರೆ ನೀವು ನೋಡಿದ್ದು ಸಿಗುವುದಿಲ್ಲ ಅಕ್ಕಾರ. ಗೋಡೆಗೂ ನಿಮ್ಮ ಮೊಬೈಲಿಗೂ ನಡುವೆ ಬಣ್ಣ ಎಲ್ಲೆಲ್ಲಿ ಬದಲಾಗುತ್ತದೆ ನೋಡಿ.

ಮೊದಲು ಸೆಟ್ಟಿನ ಲೈಟು. ಬೆಳಕಿನ ಬಣ್ಣವನ್ನು ಕೆಲ್ವಿನ್ ಅಂಕಿಯಲ್ಲಿ ಹೇಳುತ್ತಾರೆ; ಅಂಕಿ ಕಡಿಮೆಯಾದರೆ ಹಳದಿ ಕಡೆ, ಹೆಚ್ಚಾದರೆ ನೀಲಿ ಕಡೆ. 3200 ಕೆಲ್ವಿನ್‌ನ ಹಳದಿ ಲೈಟೂ ಇರಬಹುದು, 5600 ಕೆಲ್ವಿನ್‌ನ ಹಗಲು ಲೈಟೂ ಇರಬಹುದು, ಎರಡೂ ಬೆರೆತೂ ಇರಬಹುದು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಲಿ ಅಂತ ಮಾಡುವ ತಿದ್ದುವಿಕೆ) ಅದನ್ನು ಸರಿಮಾಡುತ್ತದೆ, ಅದೂ ಒಂದು ಅಂದಾಜಿನ ಮಟ್ಟಿಗೆ. ಆಮೇಲೆ ಗ್ರೇಡಿಂಗ್, ಅಂದರೆ ಚಿತ್ರೀಕರಣ ಮುಗಿದ ಮೇಲೆ ದೃಶ್ಯದ ಬಣ್ಣಗಳನ್ನು ತಿದ್ದುವುದು. ಮುಖಗಳು ಬೆಚ್ಚಗೆ ಕಾಣಲಿ ಅಂತ ಮುಖದ ಬಣ್ಣವನ್ನು ಕಿತ್ತಳೆ ಕಡೆಗೆ, ಹಿನ್ನೆಲೆಯನ್ನು ಹಸಿರುನೀಲಿ ಕಡೆಗೆ ತಳ್ಳುವುದು ಬಹಳ ಚಾಲ್ತಿಯಲ್ಲಿರುವ ಪದ್ಧತಿ. ಇದು ನಿಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು. ಆ ಗೋಡೆ ನಿಜಕ್ಕೂ ಬರಿಯ ಬೂದುಹಸಿರು ಇರಬಹುದು, ನವಿಲುಗೊರಳನ್ನು ಗ್ರೇಡಿಂಗ್ ಮಾಡಿದವರೇ ತಂದಿರಬಹುದು.

ಆಮೇಲೆ ನಿಮ್ಮ ಟಿವಿ. ಅಂಗಡಿಯಿಂದ ಬಂದ ದಿನದಿಂದ 'ವಿವಿಡ್' ಅಥವಾ 'ಡೈನಾಮಿಕ್' ಮೋಡಿನಲ್ಲೇ ಇದ್ದರೆ ಬಿಳಿ ನೀಲಿಗೆ ತಿರುಗಿರುತ್ತದೆ, ಬಣ್ಣಗಳು ಉಬ್ಬಿರುತ್ತವೆ. ಕೊನೆಗೆ ಪರದೆಯ ಫೋಟೋ. ಮೊಬೈಲ್ ತಾನೇ ವೈಟ್ ಬ್ಯಾಲೆನ್ಸ್ ಬದಲಿಸುತ್ತದೆ, ಪರದೆಯ ಮೇಲೆ ನಿಮ್ಮ ಟ್ಯೂಬ್‌ಲೈಟಿನ ಪ್ರತಿಫಲನ ಬೀಳುತ್ತದೆ, ಗೆರೆಗೆರೆ ಮೂಡುತ್ತವೆ. ಅದನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಕುಗ್ಗಿಸುವಾಗ ಅಂಚಿನ ಬಣ್ಣಗಳು ಒಂದರೊಳಗೊಂದು ಹರಿಯುತ್ತವೆ.

ಹೀಗೆ ಮಾಡಿ. ಆ ಕಂತು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಸಿಗುವುದಾದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಕೆಲವು ಆ್ಯಪ್‌ಗಳು ಬಿಡುವುದಿಲ್ಲ, ಕಪ್ಪು ಚಿತ್ರ ಬರುತ್ತದೆ. ಆಗ ಟಿವಿಯನ್ನು 'ಸಿನಿಮಾ' ಅಥವಾ 'ಮೂವಿ' ಮೋಡಿಗೆ ಹಾಕಿ, ಕಲರ್ ಟೋನ್ 'ವಾರ್ಮ್' ಮಾಡಿ, ಡೈನಾಮಿಕ್ ಕಾಂಟ್ರಾಸ್ಟ್ ಮತ್ತು ಇಕೋ ಸೆನ್ಸರ್ ಆಫ್ ಮಾಡಿ, ಕೋಣೆ ಕತ್ತಲು ಮಾಡಿ, ಗೋಡೆಯ ಮೇಲೆ ಬೆರಳಿಟ್ಟು ಹಿಡಿದು ಫೋಕಸ್ ಲಾಕ್ ಮಾಡಿ ತೆಗೆಯಿರಿ. ಮೊಬೈಲ್ ಪರದೆಯೂ 'ನ್ಯಾಚುರಲ್' ಮೋಡಿನಲ್ಲಿರಲಿ, ಪರದೆಯನ್ನು ಹಳದಿ ಮಾಡುವ ಐ ಕಂಫರ್ಟ್ ಆಫ್ ಇರಲಿ.

ಒಂದೇ ದೃಶ್ಯ ಸಾಲದು. ಅದೇ ಗೋಡೆ ಬೆಳಗಿನ ದೃಶ್ಯದಲ್ಲಿ, ರಾತ್ರಿಯ ದೃಶ್ಯದಲ್ಲಿ, ಹಬ್ಬದ ದೃಶ್ಯದಲ್ಲಿ ಹೇಗಿದೆ ನೋಡಿ. ಒಂದೇ ಗೋಡೆ ಬೇರೆಬೇರೆಯಾಗಿ ಕಾಣುವುದು ನಿಮಗೇ ಗೊತ್ತಾಗುತ್ತದೆ. ಮುಖದ ಬಣ್ಣ ಸಹಜವಾಗಿರುವ, ಬಿಳಿ ಬಟ್ಟೆ ಬಿಳಿಯಾಗಿಯೇ ಕಾಣುವ, ದೂರದಿಂದ ತೆಗೆದ ಹಗಲಿನ ದೃಶ್ಯ ಆರಿಸಿಕೊಳ್ಳಿ.

ಸಿಂಧನೂರು 584

ಇಷ್ಟೆಲ್ಲಾ ಯಾಕ್ರಿ? ಫೋಟೋದೊಳಗ ಗೋಡೆ ಮ್ಯಾಲೆ ಬೆರಳಿಟ್ರ ಬಣ್ಣದ ಕೋಡು ಕೊಡೋ ಆ್ಯಪ್ ಬೇಕಾದಷ್ಟು ಅದಾವ. ಪೇಂಟ್ ಕಂಪನಿಯವರ ಆ್ಯಪ್ ಸೀದಾ ಶೇಡ್ ನಂಬರನ್ನ ಹೇಳ್ತಾವ. ನಂಬರ್ ಒಯ್ದು ಕೊಟ್ರ ಮಷೀನು ಡಬ್ಬಿ ತುಂಬಸ್ತದ.

ಬಣ್ಣದ ಲ್ಯಾಬ್

ಆ್ಯಪ್ ಸುಳ್ಳು ಹೇಳುವುದಿಲ್ಲ. ಅದು ಆ ಚುಕ್ಕೆಯಲ್ಲಿ ಪರದೆಗೆ ಕೊಟ್ಟ ಕೆಂಪು, ಹಸಿರು, ನೀಲಿ ಅಂಕಿಗಳನ್ನು (0ಯಿಂದ 255ರವರೆಗೆ) ಓದುತ್ತದೆ. ತೊಂದರೆ ಇರುವುದು ಆ ಅಂಕಿಗಳಲ್ಲಿ ಗೋಡೆ, ಅದರ ಮೇಲೆ ಬಿದ್ದ ಬೆಳಕು, ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಟ್ಟುಕೊಂಡ ಬೆಳಕಿನ ಪ್ರಮಾಣ) ಮೂರೂ ಗುಣಿಸಿಕೊಂಡು ಕೂತಿರುವುದರಲ್ಲಿ. ಬೆಳಕಿನ ಭಾಗವನ್ನು ತೆಗೆದುಹಾಕದೆ ಶೇಡ್ ಹುಡುಕಿದರೆ ನೀವು ನೆರಳಿಗೂ ಬಣ್ಣ ಕೊಂಡಂತಾಗುತ್ತದೆ. ಅದೇ ಗೋಡೆಯ ಕಿಟಕಿ ಪಕ್ಕ ಬೆರಳಿಟ್ಟರೆ ಒಂದು ಶೇಡ್, ಮೂಲೆಯಲ್ಲಿ ಇಟ್ಟರೆ ಇನ್ನೊಂದು ಶೇಡ್ ಬರುವುದು ಇದಕ್ಕೇ.

ತೆಗೆದುಹಾಕಲು ದಾರಿ ಇದೆ. ಅದೇ ಚಿತ್ರದಲ್ಲಿ, ಅದೇ ಗೋಡೆಯ ಮೇಲೆ, ಬಿಳಿ ಅಂತ ಖಾತ್ರಿಯಿರುವ ಒಂದು ವಸ್ತು ಹುಡುಕಿ. ಬಿಳಿ ಸ್ವಿಚ್ ಪ್ಲೇಟ್ ಎಲ್ಲಕ್ಕಿಂತ ಒಳ್ಳೆಯದು, ಯಾಕೆಂದರೆ ಅದು ಗೋಡೆಗೇ ಅಂಟಿರುತ್ತದೆ, ಗೋಡೆಯ ಬೆಳಕೇ ಅದಕ್ಕೂ ಬಿದ್ದಿರುತ್ತದೆ. ಹಳೆಯದಾಗಿ ಹಳದಿ ತಿರುಗಿದ ಪ್ಲೇಟ್ ಬೇಡ. ಚಾವಣಿ ಬೇಡ, ಅದಕ್ಕೆ ಬೀಳುವ ಬೆಳಕೇ ಬೇರೆ. ಪ್ಲೇಟಿನ ಯಾವುದೇ ಅಂಕಿ 245 ದಾಟಿದ್ದರೆ ಆ ಚಿತ್ರ ಬಿಡಿ. ಬೆಳಕು ಉಕ್ಕಿ ಹೋಗಿರುತ್ತದೆ, ಲೆಕ್ಕ ತಪ್ಪುತ್ತದೆ.

ಪ್ಲೇಟಿನ ಮೇಲೆ ಕೆಂಪು 214, ಹಸಿರು 228, ನೀಲಿ 236 ಬಂತು ಅನ್ನಿ. ಬಿಳಿಯಲ್ಲಿ ಮೂರೂ ಸಮ ಇರಬೇಕಿತ್ತು. ಪಕ್ಕದ ಗೋಡೆಯಲ್ಲಿ 92, 138, 142 ಬಂತು. ಹಸಿರನ್ನು ಹಾಗೇ ಬಿಡಿ. ಕೆಂಪನ್ನು 228/214ರಿಂದ, ಅಂದರೆ 1.065ರಿಂದ ಗುಣಿಸಿ: 98. ನೀಲಿಯನ್ನು 228/236ರಿಂದ, ಅಂದರೆ 0.966ರಿಂದ ಗುಣಿಸಿ: 137. ಈಗ ಗೋಡೆ 98, 138, 137. ಮೊದಲು ನೀಲಿ ಮುಂದಿತ್ತು, ಈಗ ಹಸಿರೂ ನೀಲಿಯೂ ಸಮಸಮ. ತಿದ್ದದೆ ಹೋಗಿದ್ದರೆ ನೀಲಿ ಕಡೆಯ ಶೇಡ್ ಹಿಡಿದುಕೊಂಡು ಬರುತ್ತಿದ್ದಿರಿ.

ಬಣ್ಣದ ಗಾಢತೆಗೂ ಇದೇ ಪ್ಲೇಟ್ ಸಾಕು. ಗೋಡೆಯ ತಿದ್ದಿದ ಮೂರೂ ಅಂಕಿಗಳನ್ನು 228ರಿಂದ ಭಾಗಿಸಿ, ಪರದೆಯ ಅಂಕಿಯನ್ನು ನಿಜವಾದ ಬೆಳಕಿನ ಪ್ರಮಾಣಕ್ಕೆ ತರಲು ಬಂದದ್ದನ್ನು 2.2ನೇ ಘಾತಕ್ಕೆ ಏರಿಸಿ. ಕೆಂಪು 0.16, ಹಸಿರು 0.33, ನೀಲಿ 0.33 ಬರುತ್ತದೆ. ಕಣ್ಣಿಗೆ ತೋರುವ ಹೊಳಪಿನಲ್ಲಿ ಕೆಂಪಿನ ಪಾಲು 0.21, ಹಸಿರಿನದು 0.72, ನೀಲಿಯದು 0.07. ಗುಣಿಸಿ ಕೂಡಿದರೆ 0.29. ಬಿಳಿ ಪ್ಲೇಟ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 80 ಪಾಲು ಹಿಂದಕ್ಕೆ ಕೊಡುತ್ತದೆ ಅಂತ ಇಟ್ಟುಕೊಂಡರೆ ಗೋಡೆಯದು 23 ಆಸುಪಾಸು. ಶೇಡ್ ಕಾರ್ಡಿನಲ್ಲಿ ಎಲ್‌ಆರ್‌ವಿ ಅಂತ ಬರೆಯುವುದು ಇದನ್ನೇ. ಗ್ರೇಡಿಂಗ್ ಮಾಡಿದ ಚಿತ್ರಕ್ಕೆ ಈ ಲೆಕ್ಕ ಅಂದಾಜಷ್ಟೇ, ಆದ್ದರಿಂದ 20ರಿಂದ 27ರೊಳಗಿನ ಶೇಡ್‌ಗಳನ್ನೆಲ್ಲ ಎದುರಿಗಿಟ್ಟುಕೊಳ್ಳಿ.

ಅಂಕಿ ಓದುವಾಗ ಒಂದು ಚುಕ್ಕೆ ಓದಬೇಡಿ. ಚಿತ್ರವನ್ನು ಮೊದಲು ಮಸುಕು ಮಾಡಿ, ಗೋಡೆಯ ನಡುಭಾಗದಿಂದ ತೆಗೆದುಕೊಳ್ಳಿ. ದೀಪ, ಸೋಫಾ, ಕಿಟಕಿ ಪರದೆ ಇವುಗಳ ಪಕ್ಕದ ಜಾಗ ಬಿಡಿ.

ಸಿಂಧನೂರು 584

ಪ್ಲೇಟಿನ ಉಪಾಯ ಛಲೋ ಐತಿ, ಒಪ್ಪಿದೆ. ಆದ್ರ ಎಲ್‌ಆರ್‌ವಿ ಎಲ್ಲಾ ಕಾರ್ಡಿನ ಮ್ಯಾಲೆ ಬರದಿರಂಗಿಲ್ಲ.

ಬಣ್ಣದ ಲ್ಯಾಬ್

ಇಲ್ಲದಿದ್ದರೆ ಕಂಪನಿಯ ಜಾಲತಾಣದಲ್ಲಿ ಶೇಡ್ ಹೆಸರಿನ ಕೆಳಗೆ ಹುಡುಕಿ. ಅಲ್ಲೂ ಇಲ್ಲದಿದ್ದರೆ ಎರಡು ಕಾರ್ಡು ಪಕ್ಕಪಕ್ಕ ಇಟ್ಟು ಕಣ್ಣು ಅರ್ಧ ಮುಚ್ಚಿ ನೋಡಿ. ಬಣ್ಣದ ಭೇದ ಕರಗಿ ಕಪ್ಪುಬಿಳುಪಿನ ಭೇದವಷ್ಟೇ ಉಳಿಯುತ್ತದೆ. ಯಾವುದು ಗಾಢ, ಯಾವುದು ತಿಳಿ ಅಂತ ತೀರ್ಮಾನಿಸಲು ಅಷ್ಟು ಸಾಕು.

ಟಿಂಟರ್ ರಾಯಚೂರು

ಅಂಗಡಿ ಕಡೆಯಿಂದ ಹೇಳ್ತೀನಿ. ನಮ್ಮ ಹತ್ರ ಬರೋರು ಮೂರು ಥರ: ಶೇಡ್ ನಂಬರ್ ತರೋರು, ಫೋಟೋ ತರೋರು, ಗೋಡೆಯಿಂದ ಎದ್ದ ಬಣ್ಣದ ಚಕ್ಕೆ ತರೋರು. ನಂಬರಿಗೆ ಮಷೀನು ನೇರ ಕೆಲಸ ಮಾಡ್ತದ. ಚಕ್ಕೆಗೆ ಸ್ಪೆಕ್ಟ್ರೋಫೋಟೋಮೀಟರ್ ಅಂತ ಅಳೆಯೋ ಯಂತ್ರ ಇದ್ದರ ಅದನ್ನಿಟ್ಟು ಫಾರ್ಮುಲಾ ತೆಗೀಬಹುದು. ಫೋಟೋಕ್ಕ ಮಾತ್ರ ಯಾವ ಯಂತ್ರಾನೂ ಇಲ್ಲ. ಆ ಯಂತ್ರ ಅಳೆಯೋದು ತನ್ನದೇ ದೀಪದ ಬೆಳಕು ಹಾಯಿಸಿ ವಸ್ತುವಿನಿಂದ ವಾಪಸ್ ಬಂದ ಬೆಳಕನ್ನ. ಮೊಬೈಲ್ ಪರದೆ ಮ್ಯಾಲೆ ಇಟ್ರ ಅದಕ್ಕ ಕಾಣೋದು ಗಾಜು. ಫೋಟೋ ಪ್ರಿಂಟ್ ಹಾಕಿಸಿ ತಂದು "ಇದನ್ನ ಸ್ಕ್ಯಾನ್ ಮಾಡ್ರಿ" ಅಂತಾರ. ಆಗ ಪ್ರಿಂಟರಿನ ಶಾಯಿಯ ಬಣ್ಣ ಸಿಗ್ತದ, ಗೋಡೆದಲ್ಲ.

ಹಂಗಾಗಿ ಫೋಟೋ ತರ್ರಿ, ಮ್ಯಾಲೆ ಹೇಳಿದಂಗ ತಿದ್ದಿಕೊಂಡು ತರ್ರಿ. ಅದನ್ನ ಬಣ್ಣದ ಮನೆತನ ಗುರುತಿಸಲಿಕ್ಕೆ ಅಷ್ಟೇ ಬಳಸೋಣ. ಶೇಡ್ ಪುಸ್ತಕದಾಗ ಆ ಪಟ್ಟಿ ತೆಗೆದು, ಅದರಾಗ ಒಂದು, ಅದರ ಬಲಕ್ಕೊಂದು ಎಡಕ್ಕೊಂದು, ಮತ್ತ ಅದೇ ಬಣ್ಣದ ಒಂದು ಮೆಟ್ಟಿಲು ಬೂದಿ ಜಾಸ್ತಿ ಇರೋದೊಂದು, ಹೀಗೆ ನಾಲ್ಕು ನಂಬರ್ ಬರಕೊಳ್ರಿ. ಪುಸ್ತಕ ಮನಿಗೆ ಒಯ್ಯಲಿಕ್ಕೆ ಕೇಳ್ರಿ, ಗುರುತಿನವರಾದ್ರ ಕೊಡ್ತಾರ. ಅಂಗಡಿ ಟ್ಯೂಬಿನ ಕೆಳಗ ನಿಂತು ಆರಿಸಬ್ಯಾಡ್ರಿ. ಪುಸ್ತಕ ಬಿಸಿಲಿಗೆ ಬಿದ್ದು ಮಾಸಿದ್ದರ ಹೊಸದು ತೋರಿಸಂತ ಕೇಳೋ ಹಕ್ಕು ನಿಮಗದ.

ನಿಮ್ಮ ಬಣ್ಣದ ಬಗ್ಗೆ ಒಂದು ಎಚ್ಚರ. ಹಸಿರುನೀಲಿ ಶೇಡಿಗೆ ಮಷೀನಿನಿಂದ ಬೀಳೋದು ಥಾಲೋ ಅನ್ನೋ ವರ್ಣದ್ರವ್ಯದ ಹಸಿರು, ಥಾಲೋ ನೀಲಿ, ಜೊತೆಗೆ ಕಪ್ಪು, ಕೆಲವಕ್ಕ ಹಳದಿ ಆಕ್ಸೈಡ್. ಥಾಲೋ ಬಣ್ಣಗಳು ಭಾಳ ಜೋರು, ಹನಿ ಹೆಚ್ಚಾದ್ರೂ ಶೇಡ್ ಜರುಗ್ತದ. 1 ಲೀಟರ್ ಡಬ್ಬಿಗೆ ಬೀಳೋ ಪ್ರಮಾಣ ಸಣ್ಣದು, ಅದರಾಗ ಮಷೀನಿನ ಸಣ್ಣ ತಪ್ಪೂ ದೊಡ್ಡದಾಗಿ ಕಾಣ್ತದ. 10 ಲೀಟರಿನಾಗ ಅದೇ ತಪ್ಪು ಮುಚ್ಚಿಹೋಗ್ತದ. ಮಷೀನಿನ ನಳಿಗೆ ತುದಿಯಾಗ ಬಣ್ಣ ಒಣಗಿ ಕಟ್ಟಿಕೊಂಡಿದ್ದರೂ ಕಡಿಮಿ ಬೀಳ್ತದ, ನಮ್ಮ ಕಡೆ ಬೇಸಿಗಿ ಸೆಕಿಗೆ ಇದು ಬೇಗ ಆಗ್ತದ. ಬೆಳಿಗ್ಗೆ ನಳಿಗೆ ತೊಳೆದು, ಬಣ್ಣ ಕಲಸಿ ಆದ ಮ್ಯಾಲೆ ನಿಮ್ಮ ಡಬ್ಬಿ ಹಾಕಿಸ್ರಿ. ಡಬ್ಬಿ ಅಲುಗಿಸೋ ಶೇಕರಿನಾಗ 3ರಿಂದ 5 ನಿಮಿಷ ತಿರುಗಲಿ.

ಡಬ್ಬಿಯ ಸ್ಟಿಕ್ಕರ್ ಮ್ಯಾಲೆ ಶೇಡ್ ನಂಬರ್, ಬೇಸ್ (ಬಣ್ಣ ಬೀಳೋಕ್ಕಿಂತ ಮೊದಲಿನ ಮೂಲ ಪೇಂಟ್) ಹೆಸರು, ಫಾರ್ಮುಲಾ, ಬ್ಯಾಚ್ ನಂಬರ್ ಇರ್ತಾವ. ಫೋಟೋ ತೆಗೆದಿಟ್ಟುಕೊಳ್ರಿ. ಒಂದು ಕಂಪನಿ ಶೇಡನ್ನ ಇನ್ನೊಂದು ಕಂಪನಿ ಡಬ್ಬಿಯಾಗ ಮಾಡಿಸೋದು, ಅಗ್ಗದ ಎಮಲ್ಷನ್ನಿನಾಗ (ನೀರಿನಾಗ ಕಲಸೋ ಗೋಡೆ ಬಣ್ಣ) ಸ್ಯಾಂಪಲ್ ನೋಡಿ ದುಬಾರಿಯದು ಹಚ್ಚೋದು, ಇವೆರಡೂ ಬ್ಯಾಡ. ಬೇಸ್ ಬದಲಾದ್ರ ನಂಬರ್ ಒಂದೇ ಇದ್ರೂ ಗೋಡೆ ಬ್ಯಾರೆ.

ಪಡಸಾಲಿ ಗಂಗಾವತಿ

ಹಗಲಿನ ದೃಶ್ಯದಾಗ ಸ್ವಿಚ್ ಪ್ಲೇಟ್ ಸಿಕ್ತು. ತಿದ್ದಿದ ಮ್ಯಾಲೆ ಬಣ್ಣ ಹಸಿರಿನ ಕಡಿಗೆ ಬಂತು, ನಾಲ್ಕು ಶೇಡ್ ನಂಬರ್ ಬರಕೊಂಡೀವಿ. ಈಗ ಒಂದೊಂದನ್ನ ಗೋಡಿ ಮ್ಯಾಲೆ ಸ್ವಲ್ಪ ಸ್ವಲ್ಪ ಹಚ್ಚಿ ನೋಡಬೇಕೋ?

ಬ್ರಷ್ ಬಳ್ಳಾರಿ

ಗೋಡೆ ಮ್ಯಾಲೆ ಬ್ಯಾಡ್ರಿ ಅಕ್ಕಾರ. ಹಳದಿ ಗೋಡೆ ನಡುವ ಹಸಿರುನೀಲಿ ಹಚ್ಚಿದ್ರ ಹಳದಿಯ ಪಕ್ಕ ಅದು ಇರೋದಕ್ಕಿಂತ ನೀಲಿಯಾಗಿ ಕಾಣ್ತೈತಿ. ಅಲ್ದ ನಿಮ್ಮದು ಡಿಸ್ಟೆಂಪರ್, ಅದರ ಮ್ಯಾಲೆ ಹಚ್ಚಿದ ಎಮಲ್ಷನ್ ಚಕ್ಕೆ ಏಳ್ತೈತಿ.

2×2 ಅಡಿಯ ಹಾರ್ಡ್‌ಬೋರ್ಡ್ ತುಂಡು ತಗೊಳ್ರಿ, ಒಂದು ಶೇಡಿಗೆ ಎರಡು. ಬಿಳಿ ಪ್ರೈಮರ್ ಒಂದು ಕೋಟ್, ಒಣಗಿದ ಮ್ಯಾಲೆ ಸುತ್ತಲೂ ಒಂದೊಂದು ಇಂಚು ಬಿಳಿ ಬಿಟ್ಟು ಬಣ್ಣ ಎರಡು ಕೋಟ್. ಬ್ರಷ್ ಬ್ಯಾಡ, ಗೋಡೆಗೆ ಯಾವ ರೋಲರ್ ಹೊಡೀತೀರೋ ಅದೇ ರೋಲರ್. ಕೋಟಿನ ನಡುವ 4ರಿಂದ 6 ತಾಸು. ಕೊನೆ ಕೋಟ್ ಆದ ಮರುದಿನ ನೋಡ್ರಿ. ಎಮಲ್ಷನ್ ಹಸಿ ಇದ್ದಾಗ ಹಾಲಿನಂಗ ತಿಳಿ ಕಾಣ್ತೈತಿ, ಒಣಗಿದಂಗ ಗಾಢ ಆಗ್ತೈತಿ. ಸುಣ್ಣಕ್ಕ ಮಾತ್ರ ಉಲ್ಟಾ, ಒಣಗಿದಂಗ ಬೆಳ್ಳಗಾಗ್ತೈತಿ. ಸುಣ್ಣ ಹಚ್ಚಿ ರೂಢಿ ಇದ್ದವರು ಹಸಿ ಎಮಲ್ಷನ್ ನೋಡಿ "ಇನ್ನೊಂಚೂರು ಗಾಢ ಮಾಡು" ಅಂತಾರ, ಮರುದಿನ ಗೋಡೆ ಕಪ್ಪಿಟ್ಟಿರ್ತೈತಿ.

ಎರಡು ತುಂಡು ಯಾಕಂದ್ರ, ಅವನ್ನ ಮೂಲ್ಯಾಗ ಎಲ್ ಆಕಾರದಾಗ ಒಂದಕ್ಕೊಂದು ಎದುರಿಟ್ಟು ನೋಡಬೇಕು. ಒಂದು ಗೋಡೆ ಬಣ್ಣ ಇನ್ನೊಂದರ ಮ್ಯಾಲೆ ಬಿದ್ದು ಎರಡೂ ಏರ್ತಾವ. ನಾಲ್ಕೂ ಗೋಡೆಗೆ ಹಚ್ಚಿದಾಗ ಏನಾಗ್ತೈತಿ ಅನ್ನೋದು ಅಲ್ಲೇ ಗೊತ್ತಾಗ್ತೈತಿ. ಇದಕ್ಕೇ ಕಾರ್ಡಿನಾಗ ಇಷ್ಟ ಆದದ್ದಕ್ಕಿಂತ ಒಂದು ಮೆಟ್ಟಿಲು ಬೂದಿ, ಇಲ್ಲಾ ಒಂದು ಮೆಟ್ಟಿಲು ತಿಳಿ ಆರಿಸ್ರಿ. ಇದನ್ನ ನಂಬದವರೇ ಜಾಸ್ತಿ. ಎರಡಿಂಚಿನ ಚೀಟಿಯಾಗ ಸೌಮ್ಯ ಕಂಡ ಬಣ್ಣ ನಾಲ್ಕು ಗೋಡೆ ಏರಿದ ಮ್ಯಾಲೆ ಚೀರ್ತೈತಿ.

ಬೋರ್ಡನ್ನ ಪೂರ್ವದ ಕಿಟಕಿ ಪಕ್ಕ, ಕಿಟಕಿ ಎದುರು, ಉತ್ತರ ಬಾಗಿಲ ಹತ್ರ, ಒಳಗಿನ ಮೂಲ್ಯಾಗ ನಿಲ್ಲಿಸ್ರಿ. ನೆಲಕ್ಕ ಮಲಗಿಸಬ್ಯಾಡ್ರಿ, ನೆಟ್ಟಗ ನಿಲ್ಲಿಸಬೇಕು. ಮುಂಜಾನೆ ಬಿಸಿಲು ಒಳಗ ಬಂದಾಗ, ಮಧ್ಯಾಹ್ನ, ಸಂಜಿ, ಟ್ಯೂಬ್ ಹಚ್ಚಿದ ಮ್ಯಾಲೆ, ನಾಲ್ಕು ಹೊತ್ತು ನೋಡ್ರಿ. ಪೂರ್ವದ ಕಿಟಕಿ ಅಂದ್ರ ಮುಂಜಾನೆ ಹಳದಿ ಬಿಸಿಲಿನಾಗ ಬಣ್ಣ ಹಸಿರಿಗೆ ಬರ್ತೈತಿ, ಮಧ್ಯಾಹ್ನದ ಮ್ಯಾಲೆ ಬರೀ ಆಕಾಶದ ಬೆಳಕು ಉಳಿದು ನೀಲಿಗೆ ಹೋಗ್ತೈತಿ. ಶಹಾಬಾದ ಕಲ್ಲು ಬೂದಿ ಬಣ್ಣದ್ದು, ಮ್ಯಾಲೆ ಬಣ್ಣ ಎರಚಂಗಿಲ್ಲ. ಅದು ನಿಮ್ಮ ಅದೃಷ್ಟ. ಕೆಂಪು ಗಾರೆ ನೆಲ ಇಲ್ಲಾ ಕುಷ್ಟಗಿ, ಇಳಕಲ್ ಕಡೆಯ ಕೆಂಪು ಗ್ರಾನೈಟ್ ಇದ್ದಿದ್ರ ಗೋಡೆಯ ಕೆಳಗಿನ ಅರ್ಧ ಮಾಸಿದಂಗ ಕಾಣ್ತಿತ್ತು.

ಬಣ್ಣದ ಲ್ಯಾಬ್

ಬಳ್ಳಾರಿಯವರು ಹೇಳಿದ್ದರಲ್ಲಿ ರಾತ್ರಿಯ ಪರೀಕ್ಷೆ ಬಿಡಬಾರದ್ದು. ಎರಡು ಬಣ್ಣ ಹಗಲಲ್ಲಿ ಒಂದೇ ಆಗಿ ಕಂಡು, ಟ್ಯೂಬಿನ ಕೆಳಗೆ ಬೇರೆಯಾಗಬಹುದು. ಒಳಗಿರುವ ವರ್ಣದ್ರವ್ಯಗಳು ಬೇರೆ, ಅವು ಬೆಳಕಿನ ಯಾವ ಭಾಗವನ್ನು ಹೀರಿ ಯಾವುದನ್ನು ಬಿಡುತ್ತವೆ ಅನ್ನುವುದೂ ಬೇರೆ; ಒಂದು ಬೆಳಕಿನಲ್ಲಿ ಮಾತ್ರ ಮೊತ್ತ ಸರಿಹೊಂದಿರುತ್ತದೆ. ಮೆಟಾಮೆರಿಸಂ ಅಂತ ಇದಕ್ಕೆ ಹೆಸರು. ಗೋಡೆಗೆ ಹೊಂದಲಿ ಅಂತ ಪರದೆ ಬಟ್ಟೆಯೋ ಸೋಫಾ ಬಟ್ಟೆಯೋ ತರುವವರು ಇದಕ್ಕೆ ಹೆಚ್ಚು ಸಿಕ್ಕಿಬೀಳುತ್ತಾರೆ.

ಎಡಿಟಿಂಗ್ ಕೊಪ್ಪಳ

ಬೆಳಕಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಪಡಸಾಲಿಯ ಬಿಳಿ ಟ್ಯೂಬ್ 6500 ಕೆಲ್ವಿನ್ ಇರಬೇಕು, ಡಬ್ಬಿಯ ಮೇಲೆ 'ಕೂಲ್ ಡೇಲೈಟ್' ಅಂತ ಇರುತ್ತದೆ. ಅದರ ಕೆಳಗೆ ಹಸಿರುನೀಲಿ ಗೋಡೆ ತಣ್ಣಗೆ, ಆಸ್ಪತ್ರೆಯ ಹಾಗೆ ಕಾಣುತ್ತದೆ. ಧಾರಾವಾಹಿಯ ಮನೆ ಬೆಚ್ಚಗೆ ಕಾಣಲು ಗೋಡೆಯಷ್ಟೇ ಕಾರಣವಲ್ಲ, ಮೂಲೆಯಲ್ಲಿಟ್ಟ ಹಳದಿ ದೀಪಗಳೂ ಕಾರಣ. ಬಣ್ಣ ಆರಿಸುವುದಕ್ಕೆ ಮೊದಲೇ ಟ್ಯೂಬನ್ನು 4000 ಕೆಲ್ವಿನ್‌ಗೆ ಬದಲಿಸಿ, ಗೋಡೆಗೆ ಬೀಳುವಂತೆ 3000 ಕೆಲ್ವಿನ್‌ನ ಒಂದು ದೀಪ ಹಾಕಿ. ಸಿಆರ್‌ಐ 90 ಅಂತ ಬರೆದದ್ದು ಸಿಕ್ಕರೆ ಅದನ್ನೇ ತನ್ನಿ; ಬೆಳಕು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಂಕಿ ಅದು.

ಬ್ರಷ್ ಬಳ್ಳಾರಿ

3000 ಹಾಕಿದ್ರ ಹಸಿರುನೀಲಿ ಮಣ್ಣಾಗ್ತೈತ್ರಿ. ಹಳದಿ ಬೆಳಕಿನಾಗ ನೀಲಿ ಭಾಳ ಕಡಿಮಿ, ಗೋಡೆ ಬೂದಿ ಹಸಿರು ಕಾಣ್ತೈತಿ.

ಎಡಿಟಿಂಗ್ ಕೊಪ್ಪಳ

ಬರೀ 3000 ಹಾಕಿದರೆ ನಿಮ್ಮ ಮಾತು ನಿಜ. ಅದಕ್ಕೇ ಚಾವಣಿಗೆ 4000, ಮೂಲೆಗೆ ಮಾತ್ರ 3000 ಅಂದದ್ದು. ಬೋರ್ಡ್ ನೋಡುವಾಗ ಎರಡೂ ದೀಪ ಹಚ್ಚಿ, ಒಂದೊಂದಾಗಿ ಆಫ್ ಮಾಡಿ ನೋಡಲಿ. ದೀಪ ಮೊದಲು ಬದಲಾಗಬೇಕು, ಬಣ್ಣ ಆಮೇಲೆ. ಬಣ್ಣ ಹಚ್ಚಿ ಮುಗಿದ ಮೇಲೆ ದೀಪ ಬದಲಿಸಿದರೆ ಆರಿಸಿದ್ದೆಲ್ಲ ವ್ಯರ್ಥ.

ಪಡಸಾಲಿ ಗಂಗಾವತಿ

ದೀಪ ಮೊದಲು ಬದಲಿ ಮಾಡ್ತೀವಿ. ಎಷ್ಟು ಲೀಟರ್ ಬೇಕಾಗ್ತೈತಿ, ಡಿಸ್ಟೆಂಪರಿಗೆ ಏನು ಮಾಡಬೇಕು ಹೇಳ್ರಿ.

ಬ್ರಷ್ ಬಳ್ಳಾರಿ

12 ಮತ್ತ 14, ಎರಡರಷ್ಟು 52 ಅಡಿ ಸುತ್ತಳತಿ. 10 ಅಡಿ ಎತ್ತರಕ್ಕ 520 ಚದರಡಿ. ಎರಡು ಬಾಗಿಲು, ಒಂದು ಕಿಟಕಿ ಕಳದ್ರ 450 ಹತ್ರ. ಒಳ್ಳೆ ಎಮಲ್ಷನ್ ಎರಡು ಕೋಟಿಗೆ ಲೀಟರಿಗೆ 120ರಿಂದ 140 ಚದರಡಿ ಬರ್ತೈತಿ. ಅಂದ್ರ 3.2ರಿಂದ 3.8 ಲೀಟರ್. 4 ಲೀಟರ್ ಡಬ್ಬಿ ಸಾಕು ಅನ್ನಿಸ್ತೈತಿ, ಸಾಲಂಗಿಲ್ಲ. ಗಾಢ ಶೇಡಿಗೆ ಮೂರನೇ ಕೋಟ್ ಬೀಳ್ತೈತಿ. 4 ಲೀಟರಿಂದೊಂದು, 1 ಲೀಟರಿಂದೆರಡು, ಮೂರನ್ನೂ ಒಂದೇ ದಿನ, ಒಂದೇ ಬ್ಯಾಚ್ ನೋಡಿ ತಗೊಳ್ರಿ. ತಂದ ಮ್ಯಾಲೆ ಮೂರನ್ನೂ ಒಂದು ದೊಡ್ಡ ಬಕೆಟ್ಟಿಗೆ ಸುರಿದು ಕಲಸ್ರಿ, ಆಮೇಲೆ ಹಚ್ಚಲಿಕ್ಕೆ ಸುರು ಮಾಡ್ರಿ. ಒಂದು ಗೋಡೆಯ ನಡುವ ಡಬ್ಬಿ ಮುಗಿದು ಹೊಸ ಡಬ್ಬಿ ತೆಗೆದ್ರ ಗೆರೆ ಬಿದ್ದಂಗ ಬಣ್ಣ ಬ್ಯಾರೆ ಕಾಣ್ತೈತಿ.

ಟಿಂಟರ್ ರಾಯಚೂರು

ಇದಕ್ಕೊಂದು ಸೇರಿಸ್ತೀನಿ. ಮಷೀನಿನಿಂದ ಬಣ್ಣ ಹಾಕಿಸೋ ಬೇಸ್ ಡಬ್ಬಿ ಪೂರ್ತಿ ತುಂಬಿರಂಗಿಲ್ಲ, ಬಣ್ಣ ಬೀಳಲಿಕ್ಕೆ ಜಾಗ ಬಿಟ್ಟಿರ್ತಾರ. 4 ಲೀಟರ್ ಡಬ್ಬಿ ಅಂತ ಕರೆದ್ರೂ ಒಳಗ 3.6 ಲೀಟರ್ ಇರೋದುಂಟು, 1 ಲೀಟರಿನದರಾಗ 900 ಮಿಲಿ. ಡಬ್ಬಿ ಮ್ಯಾಲಿನ ಅಳತಿ ಓದಿ ಲೆಕ್ಕ ಹಾಕ್ರಿ.

ಗಾಢ ಶೇಡಿನ ಬೇಸಿನಾಗ ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ ಕಡಿಮಿ ಇರ್ತದ, ಇದ್ರ ಬಣ್ಣ ಗಾಢ ಆಗಂಗಿಲ್ಲ. ಅದಕ್ಕ ಕೆಳಗಿನದನ್ನ ಮುಚ್ಚೋ ಶಕ್ತಿಯೂ ಕಡಿಮಿ. ಕೊನೆ ಪ್ರೈಮರ್ ಕೋಟಿಗೆ ಸ್ವಲ್ಪ ಕಪ್ಪು ಸ್ಟೇನರ್ (ಬಾಟ್ಲಿಯಾಗ ಸಿಗೋ ಗಟ್ಟಿ ಬಣ್ಣ) ಬೆರೆಸಿ ನಡುಬೂದಿ ಬಣ್ಣ ಮಾಡಿಕೊಂಡ್ರ ಮುಚ್ಚೋದು ಸಲೀಸು. ಹಂಗ ಮಾಡೋದಿದ್ರ ಬೋರ್ಡಿನ ಕೆಳಗೂ ಅದೇ ಬೂದಿ ಪ್ರೈಮರ್ ಹಚ್ಚಿ ನೋಡಿರಬೇಕು.

ಬ್ರಷ್ ಬಳ್ಳಾರಿ

ಡಿಸ್ಟೆಂಪರಿಗೆ: ಒದ್ದಿ ಬಟ್ಟೆಯಿಂದ ತಿಕ್ಕಿ ನೋಡ್ರಿ, ಬಣ್ಣ ಬಟ್ಟೆಗೆ ಹತ್ತಿದ್ರ ಪೂರ್ತಿ ತೆಗೀಬೇಕು. ನೀರು ಹೊಡೆದು ನೆನೆಸಿ, ಕೆರೆಯೋ ತಗಡಿನಿಂದ ಕೆರೆದು, ತೊಳೆದು, ಎರಡು ದಿನ ಒಣಗಿಸ್ರಿ. ಉಪ್ಪು ಉಬ್ಬಿದ ಜಾಗ ಇದ್ರ ಬಣ್ಣಕ್ಕಿಂತ ಮೊದಲು ಆ ತೇವ ಎಲ್ಲಿಂದ ಬರ್ತೈತಿ ನೋಡ್ರಿ, ಗಾಢ ಬಣ್ಣದ ಮ್ಯಾಲೆ ಬಿಳಿ ಉಪ್ಪು ಎದ್ದು ಕಾಣ್ತೈತಿ. ಪ್ರೈಮರ್, ಬಿಳಿ ಸಿಮೆಂಟ್ ಪುಟ್ಟಿ ಎರಡು ಕೋಟ್, 180ರ ಉಜ್ಜೋ ಕಾಗದ, ಆಮೇಲೆ 320ರದು, ಧೂಳು ಒರೆಸಿ ಮತ್ತ ಪ್ರೈಮರ್. ಪುಟ್ಟಿ ತಗ್ಗುದಿಣ್ಣಿ ಉಳಿದ್ರ ಹೊಳಪಿರೋ ಬಣ್ಣ ಅದನ್ನೆಲ್ಲಾ ತೋರಸ್ತೈತಿ, ಮತ್ತ ಜನ ಶೇಡ್ ಸರಿ ಬಂದಿಲ್ಲ ಅಂತಾರ.

ಹೊಳಪಿನ ಮಾತು: ಧಾರಾವಾಹಿ ಸೆಟ್ಟಿನ ಗೋಡೆಗೆ ಬಹುತೇಕ ಮ್ಯಾಟ್, ಅಂದ್ರ ಹೊಳಪಿಲ್ಲದ ಬಣ್ಣ ಇರ್ತೈತಿ, ಲೈಟು ಪ್ರತಿಫಲಿಸಬಾರದು ಅಂತ. ನಮ್ಮ ಕಡೆ ಮ್ಯಾಟ್ ಹಚ್ಚಿದ್ರ ಸಂಡೂರು, ತೋರಣಗಲ್ಲು ಸುತ್ತ ಕೆಂಪು ಧೂಳು, ಗಿಣಿಗೇರಿ ಕಡೆ ಕಪ್ಪು ಧೂಳು ಗೋಡೆಗೆ ಹಿಡಕೊಂಡು ಒರೆಸಲಿಕ್ಕೆ ಬರಂಗಿಲ್ಲ. ಒರೆಸಬಹುದಾದ ಮಂದ ಹೊಳಪಿನದು ತಗೊಳ್ರಿ. ಅದೇ ಶೇಡ್ ಮ್ಯಾಟಿಗಿಂತ ಇದರಾಗ ಒಂಚೂರು ಗಾಢ ಕಾಣ್ತೈತಿ, ಬೋರ್ಡಿಗೂ ಅದೇ ಹೊಳಪಿನದ್ದನ್ನ ಹಚ್ಚಿದ್ರ ಲೆಕ್ಕ ಸರಿಹೋಗ್ತೈತಿ. ಬೇಸಿಗ್ಯಾಗ ಹಚ್ಚೋದಿದ್ರ ಮುಂಜಾನೆ ಬೇಗ ಸುರು ಮಾಡಿ, ಫ್ಯಾನ್ ಬಂದ್ ಮಾಡಿ, ಒಂದು ಗೋಡೆ ಪೂರ್ತಿ ಮುಗಿಸಿಯೇ ನಿಲ್ಲಬೇಕು. ಅರ್ಧಕ್ಕ ಬಿಟ್ರ ಒಣಗಿದ ಅಂಚಿನ ಮ್ಯಾಲೆ ಮತ್ತೊಂದು ಪದರ ಬಿದ್ದು ಪಟ್ಟಿಪಟ್ಟಿ ಕಾಣ್ತೈತಿ.

ಆನೆಗೊಂದಿ ದಾರಿ

ಇದೇ ವಿಷಯಕ್ಕೆ ಸೇರುವ ಪ್ರಶ್ನೆ. ಹಳೇ ಮಣ್ಣಿನ ಮನೆಗಳ ಫೋಟೋದಲ್ಲಿ ಸುಣ್ಣದ ಗೋಡೆ, ಕೆಳಗೆ ಜಾಜಿನ ಕೆಂಪು ಪಟ್ಟಿ ಇರುತ್ತದಲ್ಲ, ಆ ಕೆಂಪನ್ನು ವರಾಂಡದ ಸಿಮೆಂಟ್ ಗೋಡೆಗೆ ಎಮಲ್ಷನ್ನಿನಲ್ಲಿ ತರಬಹುದೇ? ಮೂರು ಫೋಟೋದಲ್ಲಿ ಮೂರು ಕೆಂಪು ಕಾಣುತ್ತದೆ.

ಬಣ್ಣದ ಲ್ಯಾಬ್

ಈ ಬಣ್ಣಕ್ಕೆ ಫೋಟೋ ಅಷ್ಟಾಗಿ ಬೇಕಿಲ್ಲ, ದ್ರವ್ಯ ಯಾವುದು ಅಂತ ಗೊತ್ತಿದೆ. ಜಾಜು ಕಬ್ಬಿಣದ ಆಕ್ಸೈಡ್ ಇರುವ ಮಣ್ಣು. ಅಂಗಡಿಯ ಮಷೀನಿನಲ್ಲಿ ರೆಡ್ ಆಕ್ಸೈಡ್ ಅಂತ ಇರುವುದೂ ಕಬ್ಬಿಣದ ಆಕ್ಸೈಡೇ. ಫಾರ್ಮುಲಾದಲ್ಲಿ ರೆಡ್ ಆಕ್ಸೈಡ್, ಹಳದಿ ಆಕ್ಸೈಡ್, ಸ್ವಲ್ಪ ಕಪ್ಪು, ಇವಿಷ್ಟೇ ಇರುವ ಶೇಡ್ ಕೊಡಿ ಅಂತ ಕೇಳಿ. ಬೆಳಗುವ ಕೆಂಪು ಬೇಕೆಂದು ಸಾವಯವ ಕೆಂಪು (ಇಂಗಾಲದ ಸಂಯುಕ್ತಗಳಿಂದ ಮಾಡಿದ ವರ್ಣದ್ರವ್ಯ) ಹಾಕಿಸಿದರೆ ಬಿಸಿಲಿಗೆ ಬೇಗ ಮಾಸಬಹುದು, ಆಕ್ಸೈಡ್ ಬಿಸಿಲಿಗೂ ಸುಣ್ಣದ ಕ್ಷಾರಕ್ಕೂ ಜಗ್ಗುವುದಿಲ್ಲ. ಹೊಸ ಗಾರೆಯಾದರೆ 28 ದಿನ ಬಿಟ್ಟು ಹಚ್ಚಿ.

ಫೋಟೋದಲ್ಲಿ ಮೂರು ಕೆಂಪು ಕಾಣುವುದಕ್ಕೆ ಗೋಡೆಯ ತೇವವೂ ಕಾರಣ. ಒದ್ದೆ ಜಾಜು ಗಾಢ, ಒಣಗಿದ್ದು ತಿಳಿ. ಅಲ್ಲದೆ ಅಗ್ಗದ ಎಲ್ಇಡಿ ಬೆಳಕಿನಲ್ಲಿ ಕೆಂಪಿನ ಭಾಗ ಕಡಿಮೆ, ರಾತ್ರಿ ಆ ಕೆಂಪು ಕಂದಾಗುತ್ತದೆ. ಹಗಲ ನೆರಳಿನಲ್ಲಿ ನೋಡಿ ಆರಿಸಿ.

ಬ್ರಷ್ ಬಳ್ಳಾರಿ

ಎಮಲ್ಷನ್ನಿನ ಒಂದೇ ಸಮನಾದ ಕೆಂಪು ಜಾಜಿನಂಗ ಕಾಣಂಗಿಲ್ಲ. ಬಟ್ಟೆಯಿಂದ ಹಚ್ಚಿದ ಜಾಜಿನಾಗ ತೆಳು ದಪ್ಪ ಇರ್ತೈತಿ. ಮ್ಯಾಟ್ ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಕೋಟ್ ಹಚ್ಚಿ, ಅದೇ ಪಟ್ಟಿಯ ಒಂದು ಮೆಟ್ಟಿಲು ತಿಳಿ ಶೇಡನ್ನ ಅರ್ಧದಷ್ಟು ನೀರು ಬೆರೆಸಿ ಬಟ್ಟೆಯಿಂದ ಮ್ಯಾಲೆ ಸವರ್ರಿ. ಮೊದಲು ಬೋರ್ಡಿನ ಮ್ಯಾಲೆ ಕೈ ಪಳಗಿಸಿಕೊಳ್ರಿ.

ಸಿಂಧನೂರು 584

ಮಷೀನಿನಾಗ ಮಾಡಿಸಿದ್ದು ಹತ್ತಿರ ಬಂದು ಒಂಚೂರು ತಪ್ಪಿದ್ರ ಮನ್ಯಾಗ ಸ್ಟೇನರ್ ಬಾಟ್ಲಿಯಿಂದ ತಿದ್ದಬಹುದೇನು?

ಟಿಂಟರ್ ರಾಯಚೂರು

ಗಾಢ ಮಾಡಬಹುದು, ಬಣ್ಣ ಸ್ವಲ್ಪ ಕೊಲ್ಲಬಹುದು. ತಿಳಿ ಮಾಡೋದು, ಬಣ್ಣಕ್ಕ ಜೀವ ತರೋದು ಸ್ಟೇನರಿನಿಂದ ಆಗಂಗಿಲ್ಲ. ಹಸಿರುನೀಲಿ ಭಾಳ ಕಣ್ಣಿಗೆ ಹೊಡೆದ್ರ ರೆಡ್ ಆಕ್ಸೈಡ್ ಹಾಕ್ರಿ, ಎದುರು ಬಣ್ಣ ಆದ್ದರಿಂದ ಬೂದಿಗೆ ಇಳಿಸ್ತದ. ಕಪ್ಪು ಹಾಕಿದ್ರೂ ಇಳೀತದ, ಆದ್ರ ಕೊಳಕಾಗಿ ಕಾಣ್ತದ. ನೀಲಿ ಜಾಸ್ತಿ ಅನ್ನಿಸಿದ್ರ ಹಳದಿ ಆಕ್ಸೈಡ್.

ಮೆಡಿಕಲ್ ಅಂಗಡಿಯಿಂದ ಸೂಜಿ ಇಲ್ಲದ 5 ಮಿಲಿ ಸಿರಿಂಜ್ ತರ್ರಿ. ಅರ್ಧ ಲೀಟರ್ ಬಣ್ಣ ಅಳೆದು ಬ್ಯಾರೆ ತೆಗೆದು, 0.2 ಮಿಲಿ ಹಾಕಿ, ಎರಡು ನಿಮಿಷ ಕಲಸಿ, ಬೋರ್ಡಿಗೆ ಹಚ್ಚಿ, ಒಣಗಿಸಿ ನೋಡ್ರಿ. ಪ್ರತಿ ಸಲ ಹಾಕಿದ್ದನ್ನ ಬರೆದಿಡ್ರಿ. ಸರಿ ಬಂದ ಮ್ಯಾಲೆ ಉಳಿದದ್ದಕ್ಕ ಅದೇ ಲೆಕ್ಕದಾಗ ಗುಣಿಸಿ ಹಾಕ್ರಿ: ಅರ್ಧ ಲೀಟರಿಗೆ 0.6 ಬಿದ್ದಿದ್ರ 5 ಲೀಟರಿಗೆ 6 ಮಿಲಿ. ಬಾಟ್ಲಿ ಮ್ಯಾಲೆ ಬರೆದ ಮಿತಿ ದಾಟಿದ್ರ ಬಣ್ಣ ಸರಿಯಾಗಿ ಗಟ್ಟಿಯಾಗಂಗಿಲ್ಲ, ಒರೆಸಿದ್ರ ಬಟ್ಟೆಗೆ ಬರ್ತದ.

ಹಿಂಗ ತಿದ್ದಿದ ಬಣ್ಣ ಸ್ಟಿಕ್ಕರಿನ ಫಾರ್ಮುಲಾದಿಂದ ಮತ್ತ ಬರಂಗಿಲ್ಲ. ಅದಕ್ಕ ಕಾಲು ಲೀಟರ್ ಗಾಜಿನ ಬಾಟ್ಲಿಯಾಗ ತುದಿತನಕ ತುಂಬಿ, ಮುಚ್ಚಳ ಬಿಗಿ ಮಾಡಿ, ಬಿಸಿಲು ಬೀಳದ ಕಡೆ ಇಡ್ರಿ, ಗಾಳಿ ಜಾಗ ಉಳಿದ್ರ ಮ್ಯಾಲೆ ಕೆನೆ ಕಟ್ತದ. ಅದೂ ಮುಗಿದುಹೋಗಿದ್ರ ಮೊದಲು ಕರೆಂಟ್ ಮೇನ್ ಬಂದ್ ಮಾಡಿ, ಆಮೇಲೆ ಸ್ವಿಚ್ ಬೋರ್ಡ್ ಬಿಚ್ಚಿ, ಅದರ ಹಿಂದ ಮುಚ್ಚಿದ್ದ ಜಾಗದಿಂದ ಹೆಬ್ಬೆರಳಿನಷ್ಟು ಚಕ್ಕೆ ಪುಟ್ಟಿ ಸಮೇತ ಎತ್ತಿ ತರ್ರಿ. ಬಿಸಿಲು, ಕೈ ತಾಗದ ಬಣ್ಣ ಅಲ್ಲಿ ಇರ್ತದ, ಸಪಾಟಾಗಿದ್ರ ಯಂತ್ರ ಅಳೀತದ. ತೇಪೆ ಹಚ್ಚುವಾಗ ಮಾತ್ರ ಕಲೆ ಇದ್ದಷ್ಟೇ ಜಾಗಕ್ಕ ಹಚ್ಚಬ್ಯಾಡ್ರಿ. ಗೋಡೆಯ ಉಳಿದ ಭಾಗ ಮಾಸಿರ್ತದ, ಮೂಲೆಯಿಂದ ಮೂಲೆತನಕ ಆ ಗೋಡೆ ಪೂರ್ತಿ ಹಚ್ಚ್ರಿ.